ಇನ್ನೊಂದು ಹೇಳ ನೋಡೂಣು

ನನ್ನ ಸೋದರತ್ತೆ ತಮ್ಮ ಜೀವಮಾನದಲ್ಲಿ ‘ಸೋಮವಾರ’ ಅಂದವರಲ್ಲ. ಅವರ ಗಂಡನ ಹೆಸರು ಸೋಮಪ್ಪ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯಕ್ಕೆ ಕಡಿಮೆ ಎಂದು ನಂಬಿದ್ದ ಕಾಲ ಅದು. ಹೆಸರಷ್ಟೇ ಅಲ್ಲ, ಹೆಸರಿನ ನೆರಳು ಬಿದ್ದ ಮಾತೂ ವರ್ಜ್ಯ. ಆದರೆ ವಾರಕ್ಕೊಮ್ಮೆ ಸೋಮವಾರ ಬರುವುದನ್ನು ಯಾರು ತಪ್ಪಿಸಬೇಕು? ಹೀಗಾಗಿ ಅತ್ತೆಯ ಪಂಚಾಂಗದಲ್ಲಿ ಅದು ಒಮ್ಮೆ ‘ಐತವಾರದ ಮರುದಿನ’, ಒಮ್ಮೆ ‘ಮಂಗಳಾರದ ಹಿಂದಿನ ದಿನ’, ಮತ್ತೊಮ್ಮೆ ‘ಎತ್ತ ಹೂಡದ ವಾರ’. ಶ್ರಾವಣದಲ್ಲಿ ಸೊಗಲಕ್ಕೆ ಹೋಗಿಬರುವ ರೂಢಿ ಮನೆಯಲ್ಲಿತ್ತು. ಅಲ್ಲಿ ದಬದಬಿಯ, ಅಂದರೆ ಜಲಪಾತದ, ಮಗ್ಗುಲಿನ ದೇವರು ಸೋಮೇಶ್ವರ! ಅತ್ತೆ ಕೈಮುಗಿದು ‘ದಬದಬಿ ಮಗ್ಗಲದಪ್ಪಾ, ಕಾಪಾಡೋ’ ಅನ್ನುತ್ತಿದ್ದರು. ದೇವರಿಗೂ ಯಾರನ್ನು ಕರೆದರೆಂಬುದು ತಿಳಿಯುತ್ತಿತ್ತೆಂದು ಕಾಣುತ್ತದೆ, ಕೇಳಿದ್ದೆಲ್ಲ ಕೊಟ್ಟ. ಒಮ್ಮೆ ದವಾಖಾನೆಯಲ್ಲಿ ಡಾಕ್ಟರು ಜ್ವರ ಯಾವತ್ತು ಬಂತೆಂದು ಕೇಳಿದರು. ಅತ್ತೆ ಹೇಳಿದ್ದು: “ಐತವಾರ ನೆಟ್ಟಗಿದ್ದೆರಿ, ಮಂಗಳಾರ ಹೊತ್ತ ಹೊಂಡೂದರಾಗ ಮೈ ಸುಡಾಕತ್ತಿತ್ತು. ನಡುವ ಏನಾತೋ ನೀವ ತಿಳಕೋರಿ.”

ಇದನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಗಂಡ ಹೆಂಡತಿಯನ್ನು ‘ಏ ಇವಳ’ ಎಂದು ಕರೆದರೂ ನಡೆಯುತ್ತಿತ್ತು, ಹೆಂಡತಿ ಮಾತ್ರ ವಾರದ ಹೆಸರನ್ನೇ ನುಂಗಿಕೊಂಡು ಬಾಳಬೇಕಿತ್ತು. ಅಂಥ ಕಟ್ಟು ಹೋದದ್ದೇ ಒಳ್ಳೆಯದಾಯಿತು. ಆದರೆ ನೇರ ದಾರಿಗೆ ಮುಳ್ಳು ಹಾಕಿದ್ದಾರೆಂದು ಅತ್ತೆ ನಿಂತಲ್ಲೇ ನಿಲ್ಲಲಿಲ್ಲ. ಅಡ್ಡಹಾದಿ ಹುಡುಕಿದರು, ಅದೂ ಒಂದಕ್ಕೆ ಸುಮ್ಮನಾಗದೆ ನಾಲ್ಕು. ಇವತ್ತು ಪೇಟೆಯಲ್ಲಿ ಫೀ ತೆಗೆದುಕೊಂಡು ಕಲಿಸುವ, ಬೇರೆ ರೀತಿ ಯೋಚಿಸುವ ವಿದ್ಯೆಗೆ ಅತ್ತೆ ಹೀಗೆ ಪುಕ್ಕಟೆ ವಿದ್ಯಾರ್ಥಿನಿಯಾಗಿದ್ದರು.

ಆ ವಿದ್ಯೆಯ ವಾರ್ಷಿಕ ಪರೀಕ್ಷೆ ನಡೆಯುತ್ತಿದ್ದದ್ದು ಮದುವೆ ಮನೆಗಳಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎತ್ತ ಹೋದರೂ ನಮ್ಮ ಕಡೆ ಒಡಪು ಹೇಳಿಸದ ಮದುವೆಯಿಲ್ಲ. ಹೊಸ ಮದುಮಗಳು ಹೊಸ್ತಿಲಿಗೆ ಬಂದಳೆಂದರೆ ನಾದಿನಿಯರು ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಾರೆ. “ಹೆಸರ ಹೇಳ, ಆಮ್ಯಾಲ ಒಳಗ ಬಾ.” ವರ್ಷವಿಡೀ ಹೇಳಬಾರದ ಹೆಸರನ್ನು ಆ ಹೊತ್ತು ಹೇಳಲೇಬೇಕು, ಆದರೆ ಬರೀ ಹೆಸರು ಹೇಳಿದರೆ ನಡೆಯದು. ಪ್ರಾಸ ಕೂಡಬೇಕು, ಕೂಡಿದ ಮಂದಿ ನಗಬೇಕು, ನಗೆ ಗಂಡನ ಮೇಲೆ ಬೀಳಬಾರದು, ಬಿದ್ದರೂ ಹಗುರಾಗಿ ಬೀಳಬೇಕು. ತವರಿನಿಂದ ಬಾಯಿಪಾಠ ಮಾಡಿಕೊಂಡು ಬಂದವಳು ಒಂದನ್ನು ಸರಾಗ ಹೇಳಿಬಿಡುತ್ತಾಳೆ:

“ಹೊಂಗಲ ಪ್ಯಾಟ್ಯಾಗ ಹತ್ತಿ, ಯಲ್ಲಮ್ಮನ ಗುಡ್ಡದಾಗ ಭಂಡಾರ, ರುದ್ರಪ್ಪನವರು ಮನೀಗೆ ಬಂದ್ರ ನನಗ ಅದ ಬಂಗಾರ.”

ಬಾಗಿಲಲ್ಲಿ ನಿಂತ ಹಿರಿಯ ನಾದಿನಿ ಪಳಗಿದವಳಾಗಿದ್ದರೆ ಕೈ ತೆಗೆಯುವುದಿಲ್ಲ. “ಇದು ನಿಮ್ಮವ್ವನ ಕಾಲದ್ದು. ಇನ್ನೊಂದು ಹೇಳ ನೋಡೂಣು. ಅದರಾಗ ಟ್ರ್ಯಾಕ್ಟರ್ ಬರಬೇಕು.” ಹಿಂದಿನಿಂದ ಯಾರೋ ಕೂಗುತ್ತಾರೆ, “ಸಬ್ಬಸಗಿ ಪಲ್ಲೇನೂ ಬರಬೇಕ!” ಟ್ರ್ಯಾಕ್ಟರಿಗೂ ಸಬ್ಬಸಗಿಗೂ ರುದ್ರಪ್ಪನಿಗೂ ಏನು ನಂಟು? ಹುಡುಗಿ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನು ನಡೆಯುತ್ತದೆಂಬುದರ ಮೇಲೆ ಜಗತ್ತಿನ ಮನೋವಿಜ್ಞಾನಿಗಳು ಸಾಕಷ್ಟು ಕಾಗದ ಖರ್ಚು ಮಾಡಿದ್ದಾರೆ.

ಅವರಲ್ಲಿ ದೊಡ್ಡ ಹೆಸರು ಎಡ್ವರ್ಡ್ ಡಿ ಬೋನೊ. ಮಾಲ್ಟಾ ದೇಶದವರು, 1933ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಓದಿದ್ದು ವೈದ್ಯಕೀಯ, ಹೆಸರು ಮಾಡಿದ್ದು ಆಲೋಚನೆಯ ಮೇಷ್ಟರಾಗಿ. ‘ಲ್ಯಾಟರಲ್ ಥಿಂಕಿಂಗ್’, ಅಂದರೆ ಅಡ್ಡಹಾದಿಯ ಆಲೋಚನೆ, ಎಂಬ ಮಾತನ್ನು 1967ರಲ್ಲಿ ಚಲಾವಣೆಗೆ ತಂದವರು ಅವರೇ. ಅವರ ಕಸರತ್ತುಗಳಲ್ಲಿ ಒಂದು ಹೀಗಿದೆ. ಸಮಸ್ಯೆಯೊಂದು ಬಿಡಿಸಲು ಬಾರದೆ ಕುಳಿತಾಗ ನಿಘಂಟು ತೆರೆದು, ಕಣ್ಣಿಗೆ ಬಿದ್ದ ಯಾವುದಾದರೂ ಒಂದು ಪದ ಎತ್ತಿಕೊಳ್ಳಬೇಕು. ಅದಕ್ಕೂ ಸಮಸ್ಯೆಗೂ ಸಂಬಂಧ ಇರಕೂಡದು. ಆಮೇಲೆ ಎರಡನ್ನೂ ಜಗ್ಗಾಡಿ ಗಂಟು ಹಾಕಲು ನೋಡಬೇಕು. ಸವೆದ ಹಾದಿಯಲ್ಲೇ ಹೋಗುವ ಮನಸ್ಸು ಆಗ ಹಾದಿ ಬಿಡುತ್ತದೆ ಎಂಬುದು ಅವರ ವಾದ. ಇದನ್ನು ಓದಿದಾಗ ನನಗೆ ನೆನಪಾದದ್ದು ಹಿಂದಿನಿಂದ ಸಬ್ಬಸಗಿ ಎಂದು ಕೂಗಿದ ಹೆಣ್ಣುಮಗಳು. ಆಕೆಗೆ ನಿಘಂಟು ಬೇಕಾಗಿರಲಿಲ್ಲ.

ಡಿ ಬೋನೊ ಇನ್ನೊಂದು ಮಾತು ಹೇಳಿದ್ದಾರೆ. ಒಂದೇ ಗುಂಡಿಯನ್ನು ಆಳಕ್ಕೆ ತೋಡುತ್ತ ಹೋದರೆ ಬೇರೆ ಜಾಗದಲ್ಲಿ ಗುಂಡಿ ಬೀಳುವುದಿಲ್ಲ ಎಂದು ಅದರ ತಾತ್ಪರ್ಯ. ಅವರು ಉಪಮೆಯಾಗಿ ಹೇಳಿದ್ದು ನಮ್ಮ ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಉಪಮೆಯಾಗಿ ಉಳಿದಿಲ್ಲ, ಕಣ್ಣೆದುರು ನಡೆಯುತ್ತದೆ. ಬೋರ್‌ವೆಲ್ ಲಾರಿ ಬಂದು ನಿಲ್ಲುತ್ತದೆ. ಮುನ್ನೂರು ಅಡಿಗೆ ನೀರಿಲ್ಲ. “ಇನ್ನೊಂದ ಐವತ್ತ ಹೊಡೀರಿ.” ಇಲ್ಲ. “ಇಷ್ಟ ಹೋಗೇತಿ, ಇನ್ನೂ ಐವತ್ತ ನೋಡೂಣು.” ಹೊಲದ ಒಡೆಯನ ಮೋರೆಯ ಮೇಲೆ ಧೂಳು ಕೂತಂತೆಲ್ಲ ಸಾಲದ ಮೊತ್ತ ಏರುತ್ತದೆ, ಆದರೂ ನಿಲ್ಲಿಸುವ ಮನಸ್ಸಾಗದು. ಕೆಳಗಿನ ನೀರನ್ನು ಹುಡುಕುವುದು ಬಿಟ್ಟು ಮೇಲಿನಿಂದ ಬೀಳುವ ನೀರನ್ನು ಹಿಡಿದರಾಯಿತೆಂದು ಕೃಷಿ ಹೊಂಡ ತೋಡಿಸಿದವರು ತೋಡಿದ್ದೂ ಗುಂಡಿಯೇ, ಆದರೆ ಬೇರೆ ಗುಂಡಿ. 2014ರ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಅಂಥ ಹೊಂಡಗಳು ಸಾಲುಸಾಲಾಗಿ ಎದ್ದವು. ಕೆಲವು ತುಂಬಿದವು, ಕೆಲವು ಬಿಲ್ಲಿನಲ್ಲಿ ಮಾತ್ರ ತುಂಬಿದವು. ಆ ಮಾತು ಬೇರೆ.

ಈಗ ಈ ವಿದ್ಯೆ ಕಲಿಸುವ ಒಂದು ಪುಸ್ತಕದ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮನ ಮಗಳು ಐದನೆಯ ಇಯತ್ತೆ. ರಜೆಯಲ್ಲಿ ಊರಿಗೆ ಬರುವಾಗ ಒಂದು ಬಣ್ಣದ ಪುಸ್ತಕ ತಂದಿದ್ದಳು. ‘ಸೃಜನಶೀಲತೆ ಹೆಚ್ಚಿಸುವ ಅಭ್ಯಾಸಗಳು’ ಎಂದು ಮೇಲೆ ಬರೆದಿತ್ತು. ಪ್ರತಿ ಪ್ರಶ್ನೆಗೆ ಮೂವತ್ತು ಸೆಕೆಂಡು. ಕೊನೆಯ ಪುಟದಲ್ಲಿ ತಲೆಕೆಳಗಾಗಿ ಅಚ್ಚು ಮಾಡಿದ ಉತ್ತರಗಳು. ನಾವೆಲ್ಲ ಪಡಸಾಲೆಯಲ್ಲಿ ಬಿತ್ತುವುದಕ್ಕೆಂದು ಶೇಂಗಾ ಸುಲಿಯುತ್ತ ಕೂತಿದ್ದೆವು. ಶೇಂಗಾ ಸುಲಿಯುವ ಕೆಲಸದ ಗುಣವೆಂದರೆ ಕೈಗೆ ಬಿಡುವಿಲ್ಲ, ಬಾಯಿಗೆ ಪೂರಾ ಬಿಡುವು. ಹುಡುಗಿ ಅದರೊಳಗಿನ ಕಥೆಯೊಂದನ್ನು ಓದಿದಳು. ಡಿ ಬೋನೊ ತಮ್ಮ ಪುಸ್ತಕದಲ್ಲಿ ಹೇಳಿ ಪ್ರಸಿದ್ಧ ಮಾಡಿದ ಕಥೆಯೇ ಅದು. ಒಬ್ಬ ವ್ಯಾಪಾರಿ ಸಾಹುಕಾರನಿಗೆ ಸಾಲ ಬಿದ್ದಿದ್ದಾನೆ. ಮುದಿ ಸಾಹುಕಾರನಿಗೆ ವ್ಯಾಪಾರಿಯ ಮಗಳ ಮೇಲೆ ಕಣ್ಣು. ಚೀಲದಲ್ಲಿ ಒಂದು ಕರಿ ಹಳ್ಳು, ಒಂದು ಬಿಳಿ ಹಳ್ಳು ಹಾಕುತ್ತೇನೆ, ಹುಡುಗಿ ನೋಡದೆ ಒಂದನ್ನು ತೆಗೆಯಲಿ ಎನ್ನುತ್ತಾನೆ. ಕರಿಯದು ಬಂದರೆ ಅವಳು ಅವನನ್ನು ಮದುವೆಯಾಗಬೇಕು, ಸಾಲ ಮನ್ನಾ. ಬಿಳಿಯದು ಬಂದರೆ ಮದುವೆಯೂ ಇಲ್ಲ, ಸಾಲವೂ ಇಲ್ಲ. ಒಪ್ಪದಿದ್ದರೆ ಅಪ್ಪನಿಗೆ ಜೈಲು. ಕಾಲಡಿಯ ಹಳ್ಳು ಹಾಸಿದ ದಾರಿಯಿಂದ ಸಾಹುಕಾರ ಎರಡೂ ಕರಿಯವನ್ನೇ ಆರಿಸಿ ಚೀಲಕ್ಕೆ ಹಾಕಿದ್ದು ಹುಡುಗಿಯ ಕಣ್ಣಿಗೆ ಬೀಳುತ್ತದೆ. ಈಗ ಅವಳೇನು ಮಾಡಬೇಕು?

ಪುಸ್ತಕದ ಉತ್ತರ: ಅವಳು ಒಂದನ್ನು ತೆಗೆದು, ಕೈಜಾರಿದಂತೆ ದಾರಿಯ ಹಳ್ಳುಗಳಲ್ಲಿ ಬೀಳಿಸಿ, ‘ಚೀಲದಲ್ಲಿ ಉಳಿದದ್ದನ್ನು ನೋಡಿದರೆ ನಾನು ಯಾವುದು ತೆಗೆದೆನೆಂದು ತಿಳಿಯುತ್ತದೆ’ ಅನ್ನುತ್ತಾಳೆ. ಹುಡುಗಿ ಈ ಉತ್ತರ ಓದುವ ಮೊದಲೇ ನಮ್ಮ ಚಿಗವ್ವ ಶೇಂಗಾ ಸಿಪ್ಪೆ ಊದುತ್ತ ಅಂದರು:

“ಅಕಿ ಯಾಕ ಮೊದಲ ತಗೀಬೇಕು? ‘ಹಿರ್ಯಾರದೀರಿ, ನೀವ ಮೊದಲ ಕೈ ಹಾಕ್ರಿ, ಉಳಿದದ್ದು ನನಗಿರ್ಲಿ’ ಅನಬೇಕು. ಅವನ ಕೈಯಾಗ ಕರೇದ ಬರತೈತಿ. ಅಂದಮ್ಯಾಲ ಇಕೀದು ಬಿಳೇದ ಆತಲ್ಲ.”

ನಾನು ಕೈಯೊಳಗಿನ ಕಾಯಿ ಹಾಗೇ ಹಿಡಿದು ಕೂತೆ. ಇದು ಪುಸ್ತಕದ ಉತ್ತರಕ್ಕಿಂತ ಒಂದು ಕೈ ಮೇಲು. ಇಲ್ಲಿ ಏನೂ ಬೀಳಿಸುವ ನಾಟಕವಿಲ್ಲ, ಮರ್ಯಾದೆಯ ಮಾತಿನಲ್ಲೇ ಸಾಹುಕಾರ ಸಿಕ್ಕಿಬಿದ್ದ.

ವೈನಿ ಬಿಡಲಿಲ್ಲ. “ಅಷ್ಟ್ಯಾಕ ಸುತ್ತಬೇಕು? ಮಂದಿ ಮುಂದ ಚೀಲ ಸುರುವಿ ಬಿಡಬೇಕು. ಮಾನ ಹೋಗತೈತಿ ಅಂತ ಸಾಲಾನೂ ಬಿಟ್ಟ ಓಡತಾನ.” ಕಾಕಾ ಕೋರ್ಟು ಕಚೇರಿ ಕಂಡವರು. ಅವರ ಪ್ರಶ್ನೆ, “ಸಾಲಕ್ಕ ಕಾಗದ ಐತೇನು? ಅದನ್ನ ಮೊದಲ ಕೇಳ್ರಿ.” ಎಲ್ಲರೂ ನಕ್ಕೆವು. ಆಗ ಹುಡುಗಿ ಪುಸ್ತಕ ಮುಚ್ಚಿ ಕೇಳಿದಳು, “ಸಾಲಾ ಮಾಡಿದಾಂವ ಅಪ್ಪ. ಹಳ್ಳು ಅಕಿ ಯಾಕ ಎತ್ತಬೇಕು?”

ಶೇಂಗಾ ಸುಲಿಯುವ ಸಪ್ಪಳವೂ ನಿಂತಿತು. ಉತ್ತರ ಹುಡುಕುವ ಭರದಲ್ಲಿ ನಾವು ದೊಡ್ಡವರೆಲ್ಲ ಪ್ರಶ್ನೆಯನ್ನು ಹಾಗೇ ನುಂಗಿದ್ದೆವು. ಕಥೆ ಹಾಕಿದ ಕರಾರನ್ನೇ ಜಗ್ಗಿ ನೋಡಿದವಳು ಆ ಐದನೆಯ ಇಯತ್ತೆಯವಳು ಒಬ್ಬಳೇ. ಆದರೆ ಪುಸ್ತಕದಲ್ಲಿ ಅವಳ ಉತ್ತರಕ್ಕೆ ಜಾಗವಿರಲಿಲ್ಲ. ಕೊನೆಯ ಪುಟದ ಪ್ರಕಾರ ಚಿಗವ್ವನದು ತಪ್ಪು, ವೈನಿಯದು ತಪ್ಪು, ಕಾಕಾನದು ತಪ್ಪು, ಹುಡುಗಿಯದು ಪ್ರಶ್ನೆಗೇ ಸಂಬಂಧವಿಲ್ಲದ್ದು. ನಾಲ್ಕು ದಿಕ್ಕಿಗೆ ಓಡಲು ಕಲಿಸುವ ಪುಸ್ತಕ ಕೊನೆಗೆ ಒಂದೇ ಕಂಬಕ್ಕೆ ತಂದು ಕಟ್ಟಿತ್ತು.

ಅದೇ ಪುಸ್ತಕದಲ್ಲಿ ಒಂಬತ್ತು ಚುಕ್ಕಿಯ ಲೆಕ್ಕವೂ ಇತ್ತು. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಪೆನ್ಸಿಲ್ ಎತ್ತದೆ ನಾಲ್ಕು ನೇರ ಗೆರೆಗಳಲ್ಲಿ ಎಲ್ಲವನ್ನೂ ಮುಟ್ಟಬೇಕು. ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್‌ನ 1914ರ ಸಂಗ್ರಹದಲ್ಲೇ ಇದು ಉಂಟು. ಮುಂದೆ ಮ್ಯಾನೇಜರುಗಳ ತರಬೇತಿಯಲ್ಲಿ ಇದನ್ನು ಹಾಕಿ ಹಾಕಿ ಚುಕ್ಕಿಗಳು ಸವೆದಿವೆ. ಬಿಡಿಸಬೇಕಾದರೆ ಗೆರೆ ಚುಕ್ಕಿಗಳ ಚೌಕ ದಾಟಿ ಹೊರಗೆ ಹೋಗಿ ತಿರುಗಿ ಬರಬೇಕು. ‘ಚೌಕದ ಹೊರಗೆ ಯೋಚಿಸಿ’ ಎಂದು ಭಾಷಣ ಮಾಡುವವರಿಗೆ ಇದೇ ಮೂಲ ಬಂಡವಾಳ.

ಚಿಗವ್ವನ ಮುಂದೆ ಹುಡುಗಿ ಚುಕ್ಕಿ ಇಟ್ಟಳು. ಚಿಗವ್ವ ಬೆಳಗಾದರೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವರು. ಚುಕ್ಕಿ ಕಂಡ ಕೂಡಲೆ ಕೈ ತಾನೇ ಓಡಿತು. ಎಳೆ ಚುಕ್ಕಿಯಿಂದ ಚುಕ್ಕಿಗೆ ಹರಿದು, ಹೊರಗೆ ಹೊರಳಿ, ಒಳಗೆ ಬಂದು, ಒಂದೇ ಎಳೆಯಲ್ಲಿ ಒಂಬತ್ತೂ ಮುಗಿದವು. “ನಾಕ ಯಾಕ್ಬೇಕು? ಒಂದ ಸಾಕಲ್ಲ.” ಹುಡುಗಿ ಗೆರೆ ನೆಟ್ಟಗಿರಬೇಕೆಂದು ತಕರಾರು ತೆಗೆದಳು. “ನೆಟ್ಟಗ ಹಾಕಿದ್ರ ಅದೆಂಥಾ ರಂಗೋಲಿ ಬಿಡ” ಎಂದು ಚಿಗವ್ವ ಎದ್ದು ಹೋದರು.

ಇಲ್ಲೊಂದು ನಿಜ ಸಂಗತಿ ಹೇಳಬೇಕು. ರಾಬರ್ಟ್ ವೈಸ್‌ಬರ್ಗ್ ಮತ್ತು ಜೋಸೆಫ್ ಆಲ್ಬಾ ಎಂಬ ಮನೋವಿಜ್ಞಾನಿಗಳು ಈ ಒಂಬತ್ತು ಚುಕ್ಕಿಯ ಮೇಲೆ ಪ್ರಯೋಗ ಮಾಡಿ 1981ರಲ್ಲಿ ಪ್ರಕಟಿಸಿದರು. ಚೌಕದ ಹೊರಗೆ ಹೋಗಬಹುದು, ಹೋಗಲೇಬೇಕು ಎಂದು ಬಾಯಿಬಿಟ್ಟು ಹೇಳಿದರೂ ಹೆಚ್ಚಿನವರಿಂದ ಬಿಡಿಸಲಾಗಲಿಲ್ಲ. ಚುಕ್ಕಿ ಕೂಡಿಸುವ ಇಂಥವೇ ಸಣ್ಣ ಲೆಕ್ಕಗಳನ್ನು ಮೊದಲು ಮಾಡಿ ಕೈ ಪಳಗಿಸಿಕೊಂಡವರಿಗೆ ಮಾತ್ರ ಅನುಕೂಲವಾಯಿತು. ಅಂದರೆ ‘ಹೊರಗೆ ಯೋಚಿಸಿ, ಹೊರಗೆ ಯೋಚಿಸಿ’ ಎಂದು ಮಂತ್ರ ಹೇಳಿದರೆ ಯಾರೂ ಹೊರಗೆ ಹೋಗುವುದಿಲ್ಲ. ಆ ಪದಾರ್ಥದ ಜೊತೆ ಹೆಣಗಿದ ಕೈ ಬೇಕು. ಪುಸ್ತಕ ಮಾರುವವರು ಈ ಮಾತನ್ನು ಯಾವ ಪುಟದಲ್ಲೂ, ತಲೆಕೆಳಗಾಗಿ ಕೂಡ, ಅಚ್ಚು ಮಾಡಿರಲಿಲ್ಲ.

ಕೈಯ ಹಾಗೆ ಬಾಯಿಯೂ ಪಳಗಬೇಕು. ಅದಕ್ಕೆ ನಮ್ಮಲ್ಲಿ ಇದ್ದ ಗರಡಿ ಹರದೇಶಿ-ನಾಗೇಶಿ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರು. ಹರದೇಶಿಯವರದು ಗಂಡು ಹೆಚ್ಚು ಎಂಬ ಪಕ್ಷ, ನಾಗೇಶಿಯವರದು ಹೆಣ್ಣು ಹೆಚ್ಚು ಎಂಬ ಪಕ್ಷ. ಡಪ್ಪು, ತುಂತುಣಿ, ತಾಳ. ಒಬ್ಬರು ಪದದಲ್ಲೇ ಸವಾಲು ಹಾಕುತ್ತಾರೆ, ಪುರಾಣದ ಯಾವುದೋ ಮೂಲೆಯಿಂದ ಒಂದು ಗಂಟು ಎತ್ತಿ ಎದುರಿನವರ ಮುಂದೆ ಇಡುತ್ತಾರೆ. ಎದುರಿನವರು ಪದದಲ್ಲೇ ಜವಾಬು ಕೊಟ್ಟು, ಅದರ ಬಾಲಕ್ಕೆ ತಮ್ಮ ಸವಾಲು ಕಟ್ಟಿ ತಿರುಗಿ ಒಗೆಯಬೇಕು. ಜನ ಬೆಳಗಿನವರೆಗೆ ಕಂಬಳಿ ಹೊದ್ದು ಕೂತಿರುತ್ತಾರೆ. ತಪ್ಪು ಹೇಳಿದರೆ ಬಿಡುವವರಲ್ಲ, ಗೊತ್ತಿದ್ದದ್ದನ್ನೇ ಎರಡನೆಯ ಸಲ ಹೇಳಿದರಂತೂ ಸಿಳ್ಳೆ ಹೊಡೆದು ಎಬ್ಬಿಸುತ್ತಾರೆ.

ಇದರ ಹೆಚ್ಚುಗಾರಿಕೆ ನನಗೆ ಕಾಣುವುದು ಒಂದು ಕಡೆ. ಹಾಡುವವನು ತನ್ನ ಸ್ವಂತ ಅಭಿಪ್ರಾಯ ಹೇಳುತ್ತಿಲ್ಲ, ಪಾಲಿಗೆ ಬಂದ ಪಕ್ಷವನ್ನು ಹಿಡಿದು ವಾದಿಸುತ್ತಿದ್ದಾನೆ. ಮನೆಯಲ್ಲಿ ಹೆಂಡತಿಗೆ ಮಾತನಾಡಲು ಬಿಡದ ಗಂಡಸು ನಾಗೇಶಿ ಮೇಳದಲ್ಲಿ ನಿಂತರೆ ರಾತ್ರಿಯಿಡೀ ಆದಿಶಕ್ತಿಯ ಹೆಚ್ಚುಗಾರಿಕೆಗೆ ಆಧಾರ ಹುಡುಕಲೇಬೇಕು. ಡಿ ಬೋನೊ 1985ರಲ್ಲಿ ಆರು ಟೊಪ್ಪಿಗೆಗಳ ಪುಸ್ತಕ ಬರೆದರು. ಬಿಳಿ ಟೊಪ್ಪಿಗೆ ಹಾಕಿದರೆ ಬರೀ ಮಾಹಿತಿ, ಕರಿಯದಾದರೆ ದೋಷ, ಹಳದಿಯಾದರೆ ಲಾಭ, ಹಸಿರಾದರೆ ಹೊಸ ದಾರಿ, ಹೀಗೆ ಟೊಪ್ಪಿಗೆ ಬದಲಿಸುತ್ತ ಯೋಚಿಸಬೇಕೆಂದರು. ಕಂಪನಿಗಳು ಇದಕ್ಕೆ ದುಡ್ಡು ಸುರಿದವು. ನಮ್ಮ ಮೇಳಗಳಲ್ಲಿ ಟೊಪ್ಪಿಗೆ ಎರಡೇ, ಆದರೆ ಎದುರಿಗೆ ಕೂತ ಜನಕ್ಕೆ ನಿದ್ದೆ ಬರದಂತೆ ನೋಡಿಕೊಳ್ಳುವ ಹೊಣೆಯೂ ಹಾಡುವವನ ಮೇಲೇ ಇತ್ತು. ಈ ಪರಂಪರೆ ಹಳೆಯ ಪುರಾಣದಲ್ಲೇ ಸುತ್ತಲಿಲ್ಲ. ರಾಮದುರ್ಗ ತಾಲ್ಲೂಕಿನ ಹುಲಕುಂದದ ಗೀಗೀ ಕವಿಗಳು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಅದೇ ಡಪ್ಪಿಗೆ ಬ್ರಿಟಿಷರ ವಿರುದ್ಧದ ಪದ ಕೂಡಿಸಿದರು.

ಕಿತ್ತೂರಿನ ಹೆಸರು ಎತ್ತಿ ಕೋಟೆಯ ಮಾತು ಆಡದಿದ್ದರೆ ಊರವರು ಒಪ್ಪುವುದಿಲ್ಲ. 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ತೋಪು ಹೂಡಿ ಬಾಗಿಲು ತೆರೆಯಿರೆಂದು ಗಡುವು ಕೊಟ್ಟಿದ್ದ. ಹೊರಗಿದ್ದವರ ತಲೆಯಲ್ಲಿ ಇದ್ದದ್ದು ಬಾಗಿಲನ್ನು ಹೇಗೆ ಒಡೆಯುವುದೆಂಬ ಲೆಕ್ಕ. ನಮ್ಮ ಕಡೆ ಕಥೆ ಹೇಳುವವರು ಇಲ್ಲಿಗೆ ಬಂದು ದನಿ ಏರಿಸುತ್ತಾರೆ: ಬಾಗಿಲು ತಾನೇ ತೆರೆಯಿತು, ಒಳಗಿನಿಂದ ದಂಡು ನುಗ್ಗಿ ಬಂತು. ಥ್ಯಾಕರೆ ಆ ದಿನ ಸತ್ತ. ಅವನ ಕೈಕೆಳಗಿನ ಎಲಿಯಟ್, ಸ್ಟೀವನ್‌ಸನ್ ಇಬ್ಬರೂ ಸೆರೆ ಸಿಕ್ಕರು. ಈ ವಾಲ್ಟರ್ ಎಲಿಯಟ್ಟೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಹೆಸರು ಮಾಡಿದ. ಕಿತ್ತೂರಿನ ಸೆರೆಯಲ್ಲಿ ಅವನಿಗೆ ಕನ್ನಡದ ರುಚಿ ಹತ್ತಿತೆಂದು ನಾನು ನಗೆಗೆ ಹೇಳುವುದುಂಟು.

ಆದರೆ ಡಿಸೆಂಬರಿನಲ್ಲಿ ಕಂಪನಿ ಸರಕಾರದವರು ದೊಡ್ಡ ದಂಡು ಕಟ್ಟಿಕೊಂಡು ಬಂದರು. ಈ ಸಲ ಎಲ್ಲಕ್ಕೂ ತಯಾರಾಗಿದ್ದರು, ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು, ಸಮಾಧಿ ಅಲ್ಲೇ ಇದೆ. ಮೊದಲ ಸಲದ ಉಪಾಯ ಎರಡನೆಯ ಸಲಕ್ಕೆ ಉಪಾಯವಾಗಿ ಉಳಿಯುವುದಿಲ್ಲ. ಸಂಗೊಳ್ಳಿ ರಾಯಣ್ಣನ ದೊಡ್ಡತನ ನನಗೆ ಕಾಣುವುದು ಇಲ್ಲಿ. ಕೋಟೆ ಹೋದ ಮೇಲೆ ಆತ ಇನ್ನೊಂದು ಕೋಟೆ ಹುಡುಕಲಿಲ್ಲ. ಅಡವಿ ಹಿಡಿದ, ಒಂದು ಕಡೆ ನಿಲ್ಲಲಿಲ್ಲ, ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಬೆಂಕಿ ಇಟ್ಟ. ತೋಪಿನವರಿಗೆ ಗುರಿ ಇಡಲು ಗೋಡೆಯೇ ಇಲ್ಲದಂತೆ ಮಾಡಿದ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸುವವರೆಗೆ, ಅದೂ ನಮ್ಮವರೇ ಹಿಡಿದುಕೊಟ್ಟ ಮೇಲೆ, ಕಂಪನಿಯವರಿಗೆ ನಿದ್ದೆಯಿರಲಿಲ್ಲ.

ಇಷ್ಟು ದೊಡ್ಡ ಮಾತು ಆಡಿ ಗೊಬ್ಬರ ಚೀಲಕ್ಕೆ ಇಳಿಯುತ್ತಿದ್ದೇನೆ, ಕ್ಷಮೆಯಿರಲಿ. ಗಿಲ್ಫರ್ಡ್ ಎಂಬ ಅಮೆರಿಕದ ಮನೋವಿಜ್ಞಾನಿ 1950ರಲ್ಲಿ, ಸೃಜನಶೀಲತೆಯನ್ನು ವಿಜ್ಞಾನಿಗಳು ಕಡೆಗಣಿಸಿದ್ದಾರೆಂದು ತನ್ನ ಸಂಘದ ಅಧ್ಯಕ್ಷ ಪೀಠದಿಂದಲೇ ಹೇಳಿದ. ಅವನ ಹೆಸರಿನಲ್ಲಿ ಒಂದು ಪರೀಕ್ಷೆ ನಡೆದುಬಂದಿದೆ: ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ತೋಚಿದಷ್ಟು ಬರೆಯಿರಿ. ಪುಸ್ತಕದಲ್ಲಿ ಇಟ್ಟಿಗೆಯ ಬದಲು ಪ್ಲಾಸ್ಟಿಕ್ ಚೀಲವಿತ್ತು. ಹುಡುಗಿ ಮೂರು ಬರೆದು ಪೆನ್ಸಿಲ್ ಕಚ್ಚುತ್ತ ಕೂತಳು. ನಮ್ಮ ಆಳುಮಗ ಹಾಯ್ದು ಹೋಗುವಾಗ ನಿಂತ. ಪ್ಲಾಸ್ಟಿಕ್ ಚೀಲವೆಂದರೆ ಅವನಿಗೆ ಗೊಬ್ಬರದ ಚೀಲವೇ. ಮಳೆಗೆ ಕೊಪ್ಪೆ, ಎಮ್ಮೆ ಕರುವಿಗೆ ಚಳಿ ಹೊದಿಕೆ, ಬಚ್ಚಲಿಗೆ ಮರೆ, ಕಿಡಕಿಗೆ ಪರದೆ, ಸಾಲಿ ಪಾಟೀಚೀಲ, ಬಿಚ್ಚಿ ಹೊಸೆದರೆ ಹಗ್ಗ, ಮಣ್ಣು ತುಂಬಿದರೆ ಒಡ್ಡು, ಸೋರುವ ಹೆಂಚಿನ ಕೆಳಗೆ ತೇಪೆ. ಉಸಿರು ತೆಗೆಯದೆ ಹೇಳಿ ಹೋದ. ಅವನಿಗೆ ಯಾರಾದರೂ ಇದಕ್ಕೆ ಅಂಕ ಕೊಟ್ಟಾರೆಯೇ? ಕೊಟ್ಟರೂ ಅವನು ನಗುತ್ತಾನೆ. ಅವನ ಮನೆಯಲ್ಲಿ ಆ ಎಲ್ಲ ಕೆಲಸಕ್ಕೂ ಇದ್ದದ್ದು ಅದೇ ಚೀಲ. ಬಡತನ ಬುದ್ಧಿ ಕಲಿಸುತ್ತದೆ ಎಂದು ಹೊಟ್ಟೆ ತುಂಬಿದವರು ಹೇಳುತ್ತಾರೆ. ಒಂದು ರೇನ್‌ಕೋಟು, ಒಂದು ಪರದೆ ಇದ್ದಿದ್ದರೆ ಆ ಬುದ್ಧಿಯನ್ನು ಅವನು ಬೇರೆ ಕಡೆ ಬಳಸುತ್ತಿದ್ದನಲ್ಲ ಎಂಬುದು ನನ್ನ ಎಣಿಕೆ.

ಬೇರೆ ಕಡೆ ಬಳಸಿದರೆ ಏನಾಗುತ್ತದೆಂಬುದಕ್ಕೆ ಸೈಕಲ್ ಎಡೆಕುಂಟೆ ನೋಡಬೇಕು. ಎತ್ತು ಸಾಕುವುದು ಕೈಮೀರಿದೆ, ಆಳು ಸಿಗುವುದಿಲ್ಲ, ಸೋಯಾಬೀನ್ ಸಾಲಿನಲ್ಲಿ ಕಸ ಮಾತ್ರ ಕೇಳದೆ ಬೆಳೆಯುತ್ತದೆ. ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ, ಗುಜರಿ ಸೈಕಲ್ಲಿನ ಮುಂದಿನ ಗಾಲಿಯನ್ನು ಅದರ ಕವಲು ಸಮೇತ ಬಿಚ್ಚಿಕೊಂಡ. ಟೈರು ಟ್ಯೂಬು ಬೇಕಿಲ್ಲ, ಬರೀ ರಿಮ್ಮು ಸಾಕು. ಕವಲಿನ ಹಿಂದಕ್ಕೆ ಒಂದು ಪಟ್ಟಿ, ಅದರ ಕೆಳಗೆ ಗೇಣುದ್ದದ ಕುಡ, ಕುಡದ ಆಳ ಏರಿಸಿ ಇಳಿಸಲು ತೂತು ಕೊರೆದ ಕಂಬಿ ಮತ್ತು ಒಂದು ಬೋಲ್ಟು. ಹ್ಯಾಂಡಲ್ ಎದೆಮಟ್ಟಕ್ಕೆ ಬರುವಂತೆ ಎರಡು ಪೈಪು. ಹಿಡಿದು ನೂಕುತ್ತ ನಡೆದರೆ ಗಾಲಿ ಸಾಲು ಹಿಡಿಯುತ್ತದೆ, ಕುಡ ಕಸದ ಬೇರು ಕತ್ತರಿಸುತ್ತದೆ. ಈಗ ನಮ್ಮ ಕಡೆ ಯಾವ ವೆಲ್ಡಿಂಗ್ ಅಂಗಡಿಗೆ ಹೋಗಿ ಹೇಳಿದರೂ ಮಾಡಿಕೊಡುತ್ತಾರೆ. ಇದನ್ನು ಮಾಡಿದವನಿಗೆ ಸೈಕಲ್ ಏನೆಂದೂ ಗೊತ್ತಿತ್ತು, ಕಸ ಏನೆಂದೂ ಗೊತ್ತಿತ್ತು. ಎರಡರಲ್ಲಿ ಒಂದು ಗೊತ್ತಿಲ್ಲದಿದ್ದರೆ ಯಾವ ಅಭ್ಯಾಸ ಪುಸ್ತಕವೂ ಅವನನ್ನು ಅಲ್ಲಿಗೆ ಮುಟ್ಟಿಸುತ್ತಿರಲಿಲ್ಲ.

ಹಾಗಾದರೆ ಪುಸ್ತಕವೇ ಬೇಡವೇ ಎಂದರೆ, ಬೇಕು. ಈಗ ಮದುವೆಗಳು ಮಂಗಲ ಕಾರ್ಯಾಲಯದಲ್ಲಿ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತವೆ. ಬಾಗಿಲಿಗೆ ಅಡ್ಡ ನಿಲ್ಲುವ ನಾದಿನಿ ಸೆಲ್ಫಿ ತೆಗೆಯುತ್ತಿರುತ್ತಾಳೆ. ಒಡಪು ಮೊಬೈಲಿನಲ್ಲಿ ಸಿಗುತ್ತದೆ, ಹೆಸರು ಬದಲಿಸಿ ಓದಿದರಾಯಿತು. ಮನೆಯ ಮಾತು ಕಡಿಮೆಯಾದ ಕಡೆ ಪುಸ್ತಕವಾದರೂ ಪ್ರಶ್ನೆ ಕೇಳಲಿ. ಆದರೆ ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಶೇಂಗಾ ಮುಗಿಯುವ ಹೊತ್ತಿಗೆ ನಾನೇ ಒಂದು ಒಗಟು ಕಟ್ಟಿ ಹುಡುಗಿಗೆ ಹಾಕಿದೆ: “ಬ್ಯಾಸಗ್ಯಾಗ ಮೂಲ್ಯಾಗ ನಿಂದರತೈತಿ, ಮಳಿ ಬಂದ್ರ ಹೊರಗ ಹೊಂಡತೈತಿ.” ಅವಳು ಥಟ್ಟನೆ “ಛತ್ರಿ” ಅಂದಳು. ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದೂ ಅದೇ. ಕಾಕಾ ತಲೆ ಅಲ್ಲಾಡಿಸಿ “ಕೂರಿಗಿ” ಅಂದರು. ಹೌದಲ್ಲ, ಬೇಸಿಗೆಯಿಡೀ ಗೋದಲಿಯ ಮೂಲೆಗೆ ಆತು ನಿಂತ ಕೂರಿಗೆ ಮೊದಲ ಹದ ಮಳೆಗೆ ಹೊಲಕ್ಕೆ ಹೊರಡುತ್ತದೆ. ವೈನಿ “ಕಪ್ಪಿ” ಅಂದದ್ದಕ್ಕೆ, ಕಪ್ಪೆ ನಿಲ್ಲುವುದಿಲ್ಲ ಕೂಡ್ರುತ್ತದೆಂದು ತಕರಾರು ಬಂತು. ಚಿಗವ್ವ ಅಂದರು, “ಕರೆಂಟ್ ಹೋದಾಗ ಬರ್ತಾನಲ್ಲ ಲೈನ್‌ಮನ್, ಅವನ ಇರಬೇಕ ನೋಡ.” ಒಗಟು ಕಟ್ಟಿದವನು ನಾನು, ಆದರೆ ಸರಿ ಉತ್ತರ ಯಾವುದೆಂದು ಹೇಳುವ ಅಧಿಕಾರ ಆ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿರಲಿಲ್ಲ.

ಮಕ್ಕಳಿಗೆ ಇಂಥ ಪುಸ್ತಕ ತಂದುಕೊಡುವ ತಾಯಿತಂದೆಗಳಲ್ಲಿ, ಶಾಲೆಯಲ್ಲಿ ಇವನ್ನು ಹಂಚುವ ಮಾಸ್ತರರಲ್ಲಿ ನನ್ನದೊಂದು ವಿನಂತಿ. ಕೊಡುವ ಮೊದಲು ಕೊನೆಯ ಪುಟ ಹರಿದುಕೊಳ್ಳಿ. ಮೂವತ್ತು ಸೆಕೆಂಡಿನ ಲೆಕ್ಕ ಬಿಡಿ. ಮಗು ಸರಿ ಉತ್ತರ ಹೇಳಿತೆಂದರೆ ಶಹಬ್ಬಾಸ್ ಅನ್ನಿ, ಅಂದು ಅಲ್ಲಿಗೇ ಬಿಡಬೇಡಿ, ‘ಇನ್ನೊಂದು ಹೇಳ ನೋಡೂಣು’ ಅನ್ನಿ. ಮನೆಯಲ್ಲಿ ಚಿಗವ್ವನಂಥವರು ಇದ್ದರೆ ಅವರನ್ನೂ ಹತ್ತಿರ ಕೂಡ್ರಿಸಿಕೊಳ್ಳಿ.